ಸತ್ತ ಹಸಿರಣ್ಣನ ಹೊಟ್ಟೆ

೧. ಹೇಗೆ ಶುರು ಮಾಡಲಿ? ‘ದೂರದ ಗ್ರಹವೊಂದರಲ್ಲಿ’ ಎಂದು ಬರೆದು ಹೊಡೆದುಹಾಕಿದೆ. ಗ್ರಹ ಅಂದರೆ ಬಣ್ಣ ಬಳಿದ ಥರ್ಮೋಕೋಲು. ಅದನ್ನು ಒಡೆದು ಲಾರಿಗೆ ತುಂಬಿ ಕಳಿಸಿಯಾಯಿತು. ಸಾವಿನಿಂದಲೇ ಶುರು ಮಾಡೋಣ. ಕೊನೆಯ ಕಂತುಗಳ ಶೂಟಿಂಗನ್ನೂ ನಾವು ಹಾಗೇ ಮಾಡಿದ್ದು.

೨. ನಾನು ಈ ಧಾರಾವಾಹಿಯ ಸಂಭಾಷಣೆಕಾರ. (ಅನ್ಯಗ್ರಹದವರ ಸಂಭಾಷಣೆ ಅಂದರೆ ‘ಗ್ರೂಂ’ ಎಂಬುದನ್ನು ನೂರಾರು ಸಲ ಬರೆಯುವುದು. ಸಾಹಿತ್ಯ ಸೇವೆ.) ಹಸಿರು ರಬ್ಬರ್ ಮುಖವಾಡ ತೊಟ್ಟು ಆ ಗ್ರೂಂ ಅನ್ನುವ ನಟನನ್ನು ಯೂನಿಟ್ಟಿನವರೆಲ್ಲ ಹಸಿರಣ್ಣ ಅನ್ನುತ್ತಾರೆ. ಗ್ರಹ ಒಡೆಯುವ ಮೊದಲೇ ಅವನು ಸಾಯುವ ದೃಶ್ಯ ತೆಗೆದೆವು. ಎಡಿಟಿಂಗಿಗೆ ಕೂತಾಗ ಕಂಡಿತು: ಹೆಣದ ಹೊಟ್ಟೆ ಏರಿಳಿಯುತ್ತಿದೆ. ಗ್ರಹವೇ ಇಲ್ಲ, ಮತ್ತೆ ತೆಗೆಯುವುದೆಲ್ಲಿ?

೩. (ಇಲ್ಲೊಂದು ಪ್ರೇಮಕಥೆ ಇತ್ತು. ಯಾರಿಗೂ ಬೇಕಿರಲಿಲ್ಲ, ಕಿತ್ತೆ.)

೪. “ಒಂದು ಗಳಿಗೆ ಉಸಿರು ಬಿಗಿ ಹಿಡಿಯೋಕೆ ಏನಾಗಿತ್ತು ನಿಮಗೆ?” ಎಡಿಟರ್ ಸಿಡುಕಿದಳು. “ಇರ್ಲಿ, ಚಿತ್ರ ಫ್ರೀಜ್ ಮಾಡ್ತೀನಿ. ಆಮೇಲೆ ಹೆಣ ಹೆಣದ ಥರ ಇರುತ್ತೆ.”

ಹಸಿರಣ್ಣ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. “ಬೇಡ ಮೇಡಂ, ಹಾಗೇ ಬಿಡಿ. ಮಗಳು ನೋಡ್ತಾಳೆ. ಹಸಿರು ಮುಖದೋನು ಅಪ್ಪನೇ ಅಂತ ಅವಳಿಗೆ ಗೊತ್ತು. ಕಾಲಿಗೆ ಪೆಟ್ಟಾಗೋ ಎಪಿಸೋಡ್ ನೋಡಿ, ರಜೆ ದಿನ ನಾನು ಮಲಗಿದ್ದಾಗ ಕಾಲಿಗೆ ಬಟ್ಟೆ ಸುತ್ತಿದ್ಳು.”

“ಅವತ್ತೊಂದು ದಿನ ಟಿವಿ ಆಫ್ ಮಾಡ್ಸಿ ಮಾರಾಯ್ರೆ,” ಎಂದೆ.

“ನಾನು ಮನೆಗೆ ಹೋಗೋ ಹೊತ್ತಿಗೆ ಮಲಗಿರ್ತಾಳೆ ಸಾರ್. ಮಿಕ್ಕ ದಿನ ಅವಳು ನನ್ನ ನೋಡೋದೇ ಟಿವೀಲಿ. ಹೊಟ್ಟೆ ಅಲ್ಲಾಡಿದ್ರೆ ಅಪ್ಪ ಸತ್ತಿಲ್ಲ ಅಂತ ಅವಳಿಗೆ ತಿಳಿಯುತ್ತೆ.”

ಎಡಿಟರ್ ಕುರ್ಚಿ ತಿರುಗಿಸಿದಳು. “ಬೇಕಂತಲೇ ಉಸಿರಾಡಿದ್ರಾ?”

ಅವನು ಮುಖವಾಡದ ಕಿವಿ ನೆಟ್ಟಗೆ ಮಾಡುತ್ತ ಹೂಂ ಅಂದ. ನಾನು ಸ್ಕ್ರಿಪ್ಟಿನ ಆ ಹಾಳೆಯನ್ನು ಮಗುಚಿಟ್ಟೆ. ಅವನನ್ನು ಸಾಯಿಸಿದವನು ನಾನೇ ತಾನೆ.

೫. ಮುಕ್ತಾಯ, ಮೊದಲ ಬಗೆ: ಫ್ರೀಜ್. ವಾಹಿನಿಯವರಿಗೆ ಖುಷಿ, ಮಗುವಿಗೆ ಅಪ್ಪ ಇಲ್ಲ. (ಹೊಡೆದುಹಾಕಿದೆ.) ಎರಡನೆಯದು: ಹಸಿರಣ್ಣನಿಗೊಬ್ಬ ಅವಳಿ. (ಮಾನ ಮರ್ಯಾದೆ ಇರಬೇಕು ನನಗೆ.)

“ಮೂರನೇದು ಬರೀಬೇಡಿ ಸಾರ್,” ಹಸಿರಣ್ಣ ಕೈಮುಗಿದ. “ನೀವು ಬರೆದ್ರೆ ಯಾರಾದ್ರೂ ಸಾಯ್ತಾರೆ.”

ಸರಿ, ಬರೆಯುವುದಿಲ್ಲ. ಎಡಿಟರ್ ಬೆರಳು ಫ್ರೀಜ್ ಕೀಲಿಯ ಮೇಲಿದೆ. ನಾನು ಬರೆಯದೆ ಅವಳು ಒತ್ತುವ ಹಾಗಿಲ್ಲ. ಓದುಗರೇ, ನೀವೂ ಎದ್ದು ಹೋಗಬೇಡಿ. ಕಂತು ಇನ್ನೂ ಪ್ರಸಾರವಾಗಿಲ್ಲ, ಆದರೂ ನನ್ನ ಕಣ್ಣ ಮುಂದೆ ಅವನ ಮಗಳು ಟಿವಿಗೆ ಮೂಗು ತಾಗಿಸಿ ಹೆಣವನ್ನು ನೋಡುತ್ತಿದ್ದಾಳೆ. “ಶ್, ಅಪ್ಪ ಮಲಗಿದ್ದಾನೆ,” ಎಂದು ಅಜ್ಜಿಗೆ ಹೇಳಿ ಟಿವಿಯ ಸದ್ದು ತಗ್ಗಿಸಿದ್ದಾಳೆ. ಹೊಟ್ಟೆ ಏರಿತು, ಇಳಿಯಿತು, ಏರಿತು,