ಮಾತು ಕೇಳುವ ಮಂಚ

ಒಂದು ಊರಲ್ಲಿ ಒಬ್ಬ ರಾಜ, ಅವನಿಗೆ ಏಳು ಜನ ಮಂತ್ರಿಗಳು ಅಂತ ಶುರು ಮಾಡಿದರೆ ನಮ್ಮಜ್ಜಿಗೆ ಖುಷಿಯಾಗುತ್ತದೆ. ಏನು ಮಾಡಲಿ, ನನ್ನ ಕಥೆಯಲ್ಲಿ ರಾಜನ ಜಾಗದಲ್ಲಿ ಮ್ಯಾನೇಜರ್ ಇದ್ದಾರೆ. ಅರಮನೆಯ ಜಾಗದಲ್ಲಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಮಂತ್ರಿಗಳ ಬದಲು ಪ್ರೋಗ್ರಾಮ್ ಬರೆಯುವವರು, ನಾನೊಬ್ಬಳನ್ನು ಬಿಟ್ಟರೆ ಎಲ್ಲರೂ ಗಂಡಸರು. ಆದರೆ ಮಾಯದ ಮಂಚ ಮಾತ್ರ ನಿಜವಾಗಿಯೂ ಇತ್ತು. ಆಸ್ಪತ್ರೆಗೆಂದು ಸಿದ್ಧವಾಗುತ್ತಿದ್ದದ್ದು. ಕೈಕಾಲು ಆಡದ ರೋಗಿ ಮಲಗಿದಲ್ಲಿಂದಲೇ "ತಲೆ ಎತ್ತು" ಅಂದರೆ ತಲೆಯ ಕಡೆ ಏಳಬೇಕು, "ಸಾಕು" ಅಂದರೆ ನಿಲ್ಲಬೇಕು. ಮಂಚ, ಮೋಟರು ಬೇರೆಯವರದು. ಅದಕ್ಕೆ ಮಾತು ಕೇಳುವ ಕಿವಿ ಜೋಡಿಸುವುದು ನಮ್ಮ ಕೆಲಸ.

ಮಂಚ ಆಸ್ಪತ್ರೆ ಸೇರುವ ಮುಂಚೆ ಅದರ ತಪ್ಪು ಹುಡುಕಲು ಒಬ್ಬ ಟೆಸ್ಟರ್ ಬೇಕಿತ್ತು. ಈ ಸಲವಾದರೂ ಹೆಂಗಸರನ್ನು ತಗೊಳ್ಳಿ ಸರ್ ಅಂತ ನಾನು ರಾಗ ಎಳೆದೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಹೆಂಗಸರು ಅರ್ಜಿಯನ್ನೇ ಹಾಕುವುದಿಲ್ಲವಂತೆ, ತಾವೇನು ದೀಪ ಹಿಡಿದು ಬೀದಿ ಬೀದಿ ಹುಡುಕಬೇಕೆ ಎಂದರು.

"ನಾನು ಕರ್ಕೊಂಡು ಬರ್ತೀನಿ ಸರ್. ಮಂಚ ಇಲ್ಲಿಂದ ಹೊರಡೋದ್ರೊಳಗೆ."

ಮಾತು ಬಾಯಿಂದ ಜಾರಿಬಿಟ್ಟಿತು. ಅಜ್ಜಿಯ ಕಥೆ ಕೇಳಿ ಬೆಳೆದವಳಿಗೆ ಮಾತು ಕೊಡುವುದು ಸುಲಭ. ಕೊಟ್ಟಮೇಲೆ ಏಳು ಸಮುದ್ರ ದಾಟಬೇಕು ಅನ್ನುವುದು ಆಮೇಲೆ ನೆನಪಾಗುತ್ತದೆ.

ನಾನು ದಾಟಬೇಕಿದ್ದದ್ದು ಅಡುಗೆಮನೆಯ ಹೊಸ್ತಿಲು. ಅಲ್ಲಿ ಅತ್ತಿಗೆ ಇದ್ದರು. ಮಗು ಹುಟ್ಟುವ ಮುಂಚೆ ಇದೇ ಟೆಸ್ಟರ್ ಕೆಲಸದಲ್ಲಿದ್ದವರು. ಮನೆಗೆ ವಾಷಿಂಗ್ ಮೆಷಿನ್ ಬಂದ ದಿನ, ಒಟ್ಟಿಗೆ ಒತ್ತಬೇಡಿ ಎಂದು ಅದರ ಪುಸ್ತಕದಲ್ಲಿ ಬರೆದಿದ್ದ ಗುಂಡಿಗಳನ್ನೆಲ್ಲ ಒಟ್ಟಿಗೇ ಒತ್ತಿ ನೋಡಿದವರು. ವಿಷಯ ಹೇಳಿದೆ. ಅತ್ತಿಗೆ ತಟ್ಟೆ ಒರೆಸುತ್ತಲೇ ಇದ್ದರು. ಆಸೆ ಇಲ್ಲದವರು ಅಷ್ಟು ಹೊತ್ತು ಒಂದೇ ತಟ್ಟೆ ಒರೆಸುವುದಿಲ್ಲ.

"ಜಾಹೀರಾತು ನಾನೂ ನೋಡಿದೀನಿ ಕಣೆ," ಅಂದರು ಕೊನೆಗೆ. "ನಡುವೆ ಬಿಡುವು ಇಲ್ಲದ ಅನುಭವ ಬೇಕು ಅಂತ ಇದೆ. ನನ್ನ ಬಿಡುವು ಈಗ ಒಂದನೇ ಕ್ಲಾಸ್ ಓದ್ತಿದೆ."

ಅಣ್ಣ ದರ್ಜಿ, ಮುಂದಿನ ಕೋಣೆಯೇ ಅವನ ಅಂಗಡಿ. ಶಾಲೆ ಬಿಟ್ಟಮೇಲೆ ಮಗಳು ತನ್ನ ಹತ್ತಿರ ಇರಲಿ, ಗುಂಡಿ ಹೊಲಿಯುವುದನ್ನು ಕಲಿಸುತ್ತೇನೆ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಕೆಲಸ ಸಿಗದಿದ್ದರೆ ವಾಪಸ್ ಬಾ, ಈ ಪಾತ್ರೆಗಳೇನು ಕಾಲು ಬಂದು ಓಡಿಹೋಗಲ್ಲ ಅಂತ ಅಜ್ಜಿ. ಅತ್ತಿಗೆಯ ಅಳುಕು ಬೇರೆ ಇತ್ತು. ಅಷ್ಟು ಜನರ ಮುಂದೆ ಏನೂ ತೋಚದೆ ಪೆಚ್ಚಾಗಿ ನಿಂತರೆ, ಇನ್ನೊಂದು ಬಾಗಿಲು ತಟ್ಟುವ ಧೈರ್ಯ ತನಗೆ ಈ ಜನ್ಮಕ್ಕೆ ಬರುವುದಿಲ್ಲ ಎಂದರು. ಅಷ್ಟು ಹೇಳಿ, ಯಾವತ್ತು ಬರಬೇಕು ಅಂತಲೂ ಕೇಳಿದರು.

ಮರುದಿನ ಆ 'ಬಿಡುವು ಇಲ್ಲದ' ಸಾಲನ್ನು ಮ್ಯಾನೇಜರ್‌ಗೆ ತೋರಿಸಿದೆ. ಅವರು ತಲೆ ಕೆರೆದುಕೊಂಡರು. ಯಾವುದೋ ಹಳೇ ಜಾಹೀರಾತಿನಿಂದ ಎತ್ತಿ ಹಾಕಿದ್ದಂತೆ, ಯಾರೂ ಓದಿಯೇ ಇರಲಿಲ್ಲವಂತೆ. ತೆಗೆಸಿದರು. ಬಂದವರಿಗೆ ಪ್ರಶ್ನೆ ಕೇಳುವ ಬದಲು ಮಂಚವನ್ನೇ ಕೊಟ್ಟು ನೋಡೋಣ ಎಂದೂ ಹೇಳಿದರು.

ಅತ್ತಿಗೆ ಬಂದ ದಿನ ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು. ಅತ್ತಿಗೆ ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿಯೇಬಿಟ್ಟರು. ರೋಗಿ ನಿಂತುಕೊಂಡು ಮಾತಾಡಲ್ಲವಲ್ಲ ಎಂದು ಅವರ ಲೆಕ್ಕ. ಅಲ್ಲಿಯವರೆಗೆ ನಾವ್ಯಾರೂ ಅದರ ಮೇಲೆ ಬೆನ್ನು ಇಟ್ಟಿರಲಿಲ್ಲ.

"ತಲೆ ಎತ್ತು," ಅಂದರು. ಮಂಚ ಮಿಸುಕಲಿಲ್ಲ. ಇನ್ನೊಮ್ಮೆ ಅಂದರು. ಕಲ್ಲುಬಂಡೆ. ಬಾಗಿಲ ಬಳಿ ನಿಂತಿದ್ದ ಗುಡುಗು (ಅವನ ದನಿ ನೋಡಿ ನಾವಿಟ್ಟ ಹೆಸರು) ಸ್ವಲ್ಪ ಜೋರಾಗಿ ಹೇಳಿ ಮೇಡಂ ಎಂದ. ಜೋರಾಗಿಯೂ ಹೇಳಿ ಆಯಿತು. ಯಾರೋ ಕೆಮ್ಮಿದರು. ಅತ್ತಿಗೆಯ ಕೈ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಕಾಣಿಸಿತು. ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೇನೋ ಅನ್ನಿಸಿತು.

"ಹೀಗೆ ಹೇಳಿ ಅತ್ತಿಗೆ," ಅಂತ ಹತ್ತಿರ ಹೋಗಿ ನಾನೇ ಹೇಳಿ ತೋರಿಸಿದೆ. "ತಲೆ ಎತ್ತು."

ಮಂಚ ಗೊರ್ ಅಂತ ಮೇಲೆದ್ದಿತು, ಅರ್ಧಕ್ಕೆ ನಾನೇ "ಸಾಕು" ಅಂದೆ. ಅರ್ಧ ಎದ್ದು ಕೂತ ಅತ್ತಿಗೆ ನನ್ನನ್ನೇ ನೋಡಿದರು.

"ಅದ್ಯಾಕೆ ಗಂಟಲು ಹಾಗೆ ಮಾಡ್ದೆ?"

"ಹೇಗೆ?"

"ಗುಹೆಯೊಳಗಿಂದ ರಾಕ್ಷಸ ಮಾತಾಡಿದ ಹಾಗೆ. ಮನೇಲಿ ನೀನು ಹೀಗೆ ಮಾತಾಡಲ್ವಲ್ಲ."

ಆ ರಾಕ್ಷಸ ಯಾವಾಗ ನನ್ನ ಗಂಟಲು ಹೊಕ್ಕನೋ ನನಗೇ ತಿಳಿದಿರಲಿಲ್ಲ. ಮಂಚ ಕೇಳದಾಗ ದನಿ ಒಂಚೂರು ತಗ್ಗಿಸಿರಬೇಕು, ಆಮೇಲೆ ಇನ್ನೊಂಚೂರು. ಅದು ಎದ್ದಾಗಲೆಲ್ಲ ಸರಿಯಾಗಿದೆ ಅಂತ ಗುರುತು ಹಾಕಿದ್ದೆ. ಯಂತ್ರದ ಜೊತೆ ಮಾತಾಡುವ ರೀತಿಯೇ ಅದು ಅಂದುಕೊಂಡಿದ್ದೆ. ಅದಕ್ಕೆ ಮಾತು ಕಲಿಸಲು ದನಿ ತುಂಬಿದ್ದು ನಾನು ಸೇರುವ ಮುಂಚೆ, ಆಗ ಆಫೀಸಿನಲ್ಲಿದ್ದ ಗಂಡಸರೇ. ಅದರಲ್ಲೂ ಮುಕ್ಕಾಲು ಪಾಲು ಗುಡುಗಿನದು, ಅವನಿಗೆ ಮೈಕ್ ಸಿಕ್ಕರೆ ಮುಗಿಯಿತು.

ಅತ್ತಿಗೆ ಗಂಟಲು ಸರಿಮಾಡಿಕೊಂಡು ನನಗಿಂತ ದೊಡ್ಡ ರಾಕ್ಷಸನಾಗಿ "ತಲೆ ಎತ್ತು" ಅಂದರು. ಮಂಚ ವಿಧೇಯವಾಗಿ ಇನ್ನಷ್ಟು ಎದ್ದಿತು. ಮೊದಲು ನಕ್ಕವನು ಗುಡುಗು, ಆಮೇಲೆ ಕೋಣೆಗೆ ಕೋಣೆಯೇ. ನಗು ಇಳಿಯುವವರೆಗೆ ಅತ್ತಿಗೆ ಕಾದರು.

"ಕಾಯಿಲೆ ಬಿದ್ದ ಹೆಂಗಸು ಎದ್ದು ಕೂರಬೇಕು ಅಂದ್ರೆ ಮೊದಲು ರಾಕ್ಷಸಿ ಆಗ್ಬೇಕಾ ಸರ್?"

ಮ್ಯಾನೇಜರ್ ಹತ್ತಿರ ಸಿಕ್ಕ ಕುರ್ಚಿಯಲ್ಲಿ ಕೂತರು. ಹೆಂಗಸರ, ಮಕ್ಕಳ, ಮುದುಕಿಯರ ದನಿ ತುಂಬುವ ತನಕ ಮಂಚ ಎಲ್ಲಿಗೂ ಹೋಗುವುದಿಲ್ಲ ಎಂದರು. ಆ ಕೆಲಸ ನೀವೇ ಹಿಡಿಯಬೇಕು, ಯಾವಾಗ ಬರುತ್ತೀರಿ ಎಂದೂ ಕೇಳಿದರು. ಮಗಳನ್ನು ಶಾಲೆಗೆ ಬಿಟ್ಟೇ ಬರುವುದು ಎಂದರು ಅತ್ತಿಗೆ. ಆಗಲಿ ಎಂದರು ಅವರು. ಮುದುಕಿಯ ದನಿಗೆ ನಮ್ಮನೆಯಲ್ಲೇ ಒಬ್ಬರಿದ್ದಾರೆ, ಆದರೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ ಎಂದು ನಾನು ಎಚ್ಚರಿಸಿದೆ.

ಅತ್ತಿಗೆ ಇನ್ನೂ ಮಂಚದ ಮೇಲೆ, ಮೇಲೆದ್ದ ತಲೆಯ ಕಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಕಣ್ಣಲ್ಲಿ ವಾಷಿಂಗ್ ಮೆಷಿನ್ ಬಂದ ದಿನದ ಹೊಳಪು.

"ಸೋಮವಾರದಿಂದ ಬರ್ತೀನಿ ಸರ್," ಅಂದರು. "ಈಗ ಯಾರಾದ್ರೂ ರಾಕ್ಷಸನ ದನೀಲಿ ಹೇಳಿ ನನ್ನ ಕೆಳಗಿಳಿಸಿ."