ಸ್ಟುಡಿಯೋ ಮಾವನ ಎಕ್ಸ್‌ರೇ

ನನಗೊಂದು ಸಣ್ಣ ಅಳುಕಿದೆ. ನನ್ನ ದಿನಚರಿಗೆ ಬಿಟ್ಟರೆ ಬೇರೆ ಯಾರಿಗೂ ಅದು ಗೊತ್ತಿಲ್ಲ. ನಮ್ಮ ಎಕ್ಸ್‌ರೇ ಕೋಣೆಯಲ್ಲಿ ಮಕ್ಕಳ ಚಿತ್ರಗಳು ಬೇಕಾದ್ದಕ್ಕಿಂತ ಚೆನ್ನಾಗಿ ಬರುತ್ತಿವೆ.

ಇದೂ ಒಂದು ಚಿಂತೆಯೇ ಎಂದು ನಗುವವರಿಗೆ ಕಾರಣ ಹೇಳಬಲ್ಲೆ, ಬಾಯಿ ಬಿಟ್ಟರೆ. ಬಿಡುವುದೇ ಕಷ್ಟ. ಪದವಿ ಮುಗಿಸಿ ಈ ಆಸ್ಪತ್ರೆಗೆ ಸೇರಿ ಎರಡು ತಿಂಗಳಾಯಿತು. ಇಷ್ಟು ದಿನದಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತುಗಳು ಎರಡೇ: "ಉಸಿರು ಹಿಡ್ಕೊಳ್ಳಿ" ಮತ್ತು "ಬಿಡಿ".

ನನ್ನ ಮೇಲಿನವರು ಮೂವತ್ತು ವರ್ಷ ಇದೇ ಕೆಲಸದಲ್ಲಿ ಪಳಗಿದ ಟೆಕ್ನಿಶಿಯನ್. ನರ್ಸುಗಳೆಲ್ಲ ಅವರನ್ನು ಸ್ಟುಡಿಯೋ ಮಾವ ಎನ್ನುತ್ತಾರೆ. ಗಲ್ಲ ಎತ್ತಿಸಿ, ಭುಜ ತಿದ್ದಿ, ಮದುವೆ ಫೋಟೊ ತೆಗೆಯುವವರ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ಓರೆಗಣ್ಣಲ್ಲಿ ನೋಡಿದ ಮೇಲೆಯೇ ಅವರ ಕೈ ಗುಂಡಿಗೆ ಹೋಗುವುದು. ಎಲುಬು ಪರದೆಯ ಮೇಲೆ ಮೂಡಿತೆಂದರೆ, "ಹೇಗಿದೆ ನೋಡು, ಕೊರೆದಿಟ್ಟ ಹಾಗೆ!" ಎಂದು ಹಿಗ್ಗುತ್ತಾರೆ.

ಎಡವಟ್ಟು ಇರುವುದು ಆ ಹಿಗ್ಗಿನಲ್ಲೇ. ಮೆಷಿನ್ನಿನ ಪರದೆಯಲ್ಲಿ ನಾಲ್ಕು ಗೊಂಬೆಗಳಿವೆ: ಕೂಸು, ಮಗು, ದೊಡ್ಡವರು, ದಪ್ಪನೆಯ ದೊಡ್ಡವರು. ಯಾವ ಗೊಂಬೆ ಮುಟ್ಟುತ್ತೇವೋ ಅದರ ಮೈಯಳತೆಗೆ ತಕ್ಕಷ್ಟು ಕಿರಣ ಹೊರಡುತ್ತದೆ. ಮಾವ ಪುಟ್ಟ ಮಕ್ಕಳಿಗೂ ದೊಡ್ಡವರ ಗೊಂಬೆಯನ್ನೇ ಮುಟ್ಟುತ್ತಾರೆ. ಮಗುವಿನ ಗೊಂಬೆ ಮುಟ್ಟಿದರೆ ಚಿತ್ರದ ಮೇಲೆ ಮರಳು ಉದುರಿಸಿದ ಹಾಗೆ ಚುಕ್ಕಿ ಕಾಣುತ್ತದೆಂದು ಅವರಿಗೆ ಬೇಸರ.

"ಫಿಲ್ಮ್ ಕಾಲದಲ್ಲಿ ಕಿರಣ ಹೆಚ್ಚಾದ್ರೆ ಚಿತ್ರ ಮಸಿ ಆಗೋದು, ಡಾಕ್ಟರ ಕೈಲಿ ಬೈಸ್ಕೊಳ್ತಿದ್ವಿ," ಎಂದು ಮೊದಲ ದಿನವೇ ಪಾಠ ಹೇಳಿದ್ದರು. "ಈಗ ನೋಡು, ಹೆಚ್ಚಾದಷ್ಟೂ ಚಂದ!"

ನನ್ನ ಅಳುಕು ಶುರುವಾದದ್ದೂ ಅಲ್ಲಿಂದಲೇ. ಮಸಿಯಾಗಿದ್ದರೆ ಯಾರಾದರೂ ಬೈಯುತ್ತಿದ್ದರು. ಚಂದವಾದದ್ದನ್ನು ಬೈಯುವವರು ಯಾರು?

ಅವರು ಕೆಟ್ಟವರಾಗಿದ್ದರೆ ಹೇಳುವುದು ಸುಲಭವಿತ್ತು. ಇವರೋ, ಮಗುವನ್ನು ಹಿಡಿದುಕೊಳ್ಳಲು ಬಂದ ತಾಯಿಗೆ ತಾವೇ ಕಿರಣ ತಡೆಯುವ ಸೀಸದ ಏಪ್ರನ್ ಕಟ್ಟುವವರು. ನನ್ನ ಊಟದ ಡಬ್ಬಿ ಖಾಲಿಯಾಗದಿದ್ದರೆ ಗದರುವವರು. ಹಾಗಾಗಿ ಬಳಸುದಾರಿ ಹಿಡಿದೆ. ಒಂದು ಬೆಳಿಗ್ಗೆ ಅವರು ಬರುವ ಮೊದಲೇ ಮಗುವಿನ ಗೊಂಬೆಯನ್ನು ಮುಟ್ಟಿಟ್ಟೆ. "ಯಾವನೋ ಕೈಯಾಡಿಸಿದಾನೆ" ಎಂದು ಗೊಣಗಿ ಬದಲಿಸಿದರು. ಇನ್ನೊಂದು ದಿನ "ಮಕ್ಕಳಿಗೆ ಮಕ್ಕಳ ಅಳತೆ" ಎಂದು ಚೀಟಿ ಬರೆದು ಅವರ ಮೇಜಿನ ಮೇಲಿಟ್ಟೆ. ಸಂಜೆ ನೋಡಿದರೆ ಅದರ ಬೆನ್ನಿಗೆ "ಟೀ ಎರಡು, ಒಂದಕ್ಕೆ ಸಕ್ಕರೆ ಬೇಡ" ಎಂದಿತ್ತು. ಸಕ್ಕರೆ ಬೇಡದ್ದು ನನಗೆ.

ಇವತ್ತು ಅಜ್ಜಿಯ ಕೈ ಹಿಡಿದು ಗುಬ್ಬಿ ಬಂದಳು. ಎಂಟು ವರ್ಷ. ಬೆನ್ನುಮೂಳೆ ಒಂಚೂರು ಪಕ್ಕಕ್ಕೆ ಬಾಗಿದೆ. ಬಾಗು ಹೆಚ್ಚಿತೇ ಎಂದು ಡಾಕ್ಟರು ನಾಲ್ಕು ತಿಂಗಳಿಗೊಮ್ಮೆ ನೋಡುತ್ತಾರೆ.

"ಮಾವಾ, ಇದು ನನ್ನ ಆರನೇ ಫೋಟೊ! ಆಲ್ಬಮ್ ಮಾಡ್ತೀನಿ."

"ಮಾಡು ಪುಟ್ಟಿ. ಹೊರಗಿನ ಫೋಟೊ ಎಲ್ಲರ ಹತ್ರಾನೂ ಇರುತ್ತೆ."

"ಹಲ್ಲು ಕಿರೀಲಾ?"

"ತೆಗೆಯೋದು ಬೆನ್ನಿನ ಫೋಟೊ ಕಣೇ. ಬೆನ್ನಿಗೆಲ್ಲಿ ಹಲ್ಲು?"

"ಇವಳಿಗೆ ಮೈಯೆಲ್ಲ ಬಾಯೇ," ಎಂದರು ಅಜ್ಜಿ. "ಬೆನ್ನು ಮಾತಾಡಿದ್ರೂ ನನಗೇನೂ ಆಶ್ಚರ್ಯ ಇಲ್ಲ."

ಗುಬ್ಬಿಯನ್ನು ಹಲಗೆಗೆ ಮುಖಮಾಡಿ ನಿಲ್ಲಿಸಿ, ನಾವು ಮೂವರೂ ಗಾಜಿನ ಈಚೆ ಬಂದೆವು. ಅಜ್ಜಿಯ ದನಿ ಇಳಿಯಿತು.

"ಅಲ್ಲಪ್ಪ, ಮೇಲಿಂದ ಮೇಲೆ ಹೀಗೆ ತೆಗೀತೀರಲ್ಲ, ಮಗೂಗೆ ಏನೂ ಆಗಲ್ವಾ?"

"ಏನೂ ಆಗಲ್ಲಮ್ಮ."

"ಡಾಕ್ಟರೂ ಹಂಗೇ ಅಂತಾರೆ, ನೀನೂ ಹಂಗೇ ಅಂತೀಯ." ಅಜ್ಜಿ ನನ್ನತ್ತ ತಿರುಗಿದರು. "ಈ ಹುಡುಗಿ ಒಬ್ಳು ಬಾಯಿಗೆ ಬೀಗ ಹಾಕ್ಕೊಂಡಿದಾಳೆ. ನೀನು ಹೇಳು ತಾಯಿ. ಅಲ್ಲಿ ನಿಂತಿರೋದು ನಿನ್ನ ತಂಗಿ ಆಗಿದ್ರೆ ತೆಗೀತಿದ್ದೆಯಾ?"

ಗಾಜಿನಾಚೆ ಗುಬ್ಬಿಯ ಎರಡು ಜಡೆ, ಸಣ್ಣ ಬೆನ್ನು. ಮಾವನ ಬೆರಳು ಎಂದಿನಂತೆ ದೊಡ್ಡವರ ಗೊಂಬೆಯತ್ತ ಹೊರಟಿತ್ತು.

"ತೆಗೀತಿದ್ದೆ ಅಜ್ಜಿ," ಎಂದೆ. "ಬಾಗು ಎಷ್ಟಿದೆ ಅಂತ ಗೊತ್ತಾಗಲೇಬೇಕಲ್ಲ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಾವ ಮೆಚ್ಚಿ ತಲೆಯಾಡಿಸಿಯೂ ಆಗಿತ್ತು.

"ಆದ್ರೆ ಸಾರ್... ಆ ಗೊಂಬೆ ಅಲ್ಲ."

ಬೆರಳು ಗಾಳಿಯಲ್ಲೇ ನಿಂತಿತು. "ಚಿಕ್ಕದು ಒತ್ತಿದ್ರೆ ಚುಕ್ಕಿ ಬರುತ್ತಲ್ಲಮ್ಮ?"

"ಮಾವಾ!" ಒಳಗಿಂದ ಗುಬ್ಬಿಯ ಉಬ್ಬಿದ ದನಿ. "ಆಗ್ಲಿಂದ ಉಸಿರು ಹಿಡ್ಕೊಂಡಿದೀನಿ, ಬಿಡ್ಲಾ?"

"ಬಿಡು ಪುಟ್ಟಿ, ಬಿಡು. ಒಂದ್ನಿಮಿಷ," ಎಂದು ಮಾವ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು. "ಹೇಳು."

"ಚುಕ್ಕಿ ಬಂದ್ರೂ ಬಾಗು ಕಾಣುತ್ತೆ ಸಾರ್. ಒಂದು ಚಿತ್ರಕ್ಕೆ ಹೆದರಬೇಕಾಗಿಲ್ಲ ಅಜ್ಜಿ, ಆದ್ರೆ ಇವಳು ಬೆಳೆದು ನಿಲ್ಲೋವರೆಗೂ ಬರ್ತಾನೇ ಇರ್ತಾಳೆ, ಅಪಾಯ ಚೂರುಚೂರೇ ಕೂಡ್ತಾ ಹೋಗುತ್ತೆ." ನನ್ನ ದನಿ ಸಣ್ಣದಿತ್ತು, ಆದರೂ ಕೇಳಿಸುವಷ್ಟಿತ್ತು. "ಚಿತ್ರ ಚಂದ ಬರ್ಲಿ ಅಂತ ನಾವು ಮಕ್ಕಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಕಿರಣ ಕೊಡ್ತಿದೀವಿ ಸಾರ್."