ಕುಳಿತವರಿಗೆ ಮೂರೂವರೆ ಗಜ

"ಇನ್ನೊಂಚೂರು ಮುಂದ ಬಗ್ಗಸ್ರಿ. ತಲಿ ಗ್ವಾಡಿಗೆ ಬಡದೀತು."

ಮೂವರು ಹೆಂಗಸರು ಉಡಚವ್ವನ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸುತ್ತಿದ್ದರು. ಮೈ ಸೆಟೆಯುವ ಮೊದಲೇ ಕಾಲು ಮಡಚಬೇಕಿತ್ತು. ಗೋಡೆಯ ಗೂಟದಿಂದ ಹಗ್ಗ ತಂದು ಎದೆಯ ಸುತ್ತ ಬಿಗಿದವಳು ಮಗಳು ಶೇಖವ್ವ. ಅವಳು ಅಳುತ್ತಿರಲಿಲ್ಲ.

ಅಣ್ಣ ಅಜ್ಜಪ್ಪ ರೇಶನ್ ಡಿಪೋದಿಂದ ಚೀಟಿ ಹಿಡಿದು ಬಂದ. ಅದು 1945. ಹಂಸಭಾವಿಯಲ್ಲಿ ಜೋಳ, ಚಿಮಣಿ ಎಣ್ಣೆಯ ಜೊತೆಗೆ ಬಟ್ಟೆಗೂ ಕಂಟ್ರೋಲ್ ಬಂದಿತ್ತು. ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆಗೆ ಡಿಪೋದ ಗುಮಾಸ್ತ ಪ್ರಾಣೇಶರಾಯರ ಚೀಟಿ ಬೇಕು. ದೊಡ್ಡವರಿಗೆ ಏಳು ಗಜ.

"ಮೂರೂವರಿ ಬರದಾರ," ಎಂದ ಅಜ್ಜಪ್ಪ.

"ಯಾಕ?" ಎಂದಳು ಶೇಖವ್ವ.

"ಸುಡತೀರೋ ಹೂಳತೀರೋ ಅಂತ ಕೇಳಿದ್ರು. ನಮ್ಮವರನ್ನ ಕುಂದ್ರಿಸಿ ಹೂಳತೇವ್ರಿ, ಲಿಂಗಪೂಜಿಗೆ ಕುಂತಂಗ ಕುಂದ್ರಸ್ತೇವಿ ಅಂದೆ."

"ಕುಂದ್ರಸೂದು ಯಾರು ಕೇಳಿದ್ರು ನಿನಗ?"

"ಬಾಯಿಗೆ ಬಂತವಾ. ಹಂಗಾರ ಮಲಗಿದ್ದಕ್ಕ ಏಳು, ಕುಂತಿದ್ದಕ್ಕ ಅದರ ಅರ್ಧಾ ಸಾಕು ಅಂದ್ರು."

ಕಟ್ಟೆಯ ಮೇಲಿದ್ದ ನೆರೆಮನೆಯ ಕರಬಸಪ್ಪ ನಕ್ಕ. "ಶಾಣ್ಯಾ ಅದಿ ಬಿಡೋ ಅಜ್ಜಪ್ಪ. ಪುರಾಣ ಹೇಳಾಕ ಹೋಗಿ ಅರ್ಧಾ ಅರಿವಿ ಕಳಕೊಂಡು ಬಂದಿ. ಇರಲಿ, ಮುದುಕಿ ಸಣ್ಣ ಜೀವ. ಅಷ್ಟರಾಗ ಮುಚ್ಚತೈತಿ."

"ನಿಮ್ಮನ್ನ ಯಾರೂ ಕೇಳಿಲ್ಲ, ಕಾಕಾ," ಎಂದಳು ಶೇಖವ್ವ. "ಏಳು ಗಜ ಬರೂತನಕ ಅವ್ವನ್ನ ಕುಣಿಗೆ ಇಳಸಂಗಿಲ್ಲ."

"ಅವ್ವನ ಮಗಳು! ಆಕಿನೂ ಹಿಂಗ ಹಟ ಹಿಡದು ಡಿಪೋದ ಪಾಳಿ ನಿಲ್ಲಿಸಿದ್ಲು. ಅವತ್ತು ನಮ್ಮನಿಯಾಗ ಒಲಿ ಹತ್ತಲಿಲ್ಲ."

* * *

ಅದು ಹಿಂದಿನ ವರ್ಷದ ಶ್ರಾವಣ. ಉಡಚವ್ವ ಮೂವತ್ತು ವರ್ಷ ವ್ಯಾಪಾರಸ್ಥರ ಮನೆಗಳಲ್ಲಿ ಕಾಳು ಹಸನು ಮಾಡಿದವಳು. ಮೊರದಲ್ಲಿ ಕೇರುವ ಸಪ್ಪಳದಲ್ಲೇ ಜೋಳ ಹೊಸದೋ ಹಳೆಯದೋ ಹೇಳುತ್ತಿದ್ದಳು. ಕಂಟ್ರೋಲ್ ಬಂದ ಮೇಲೆ ಆ ಕೆಲಸ ಹೋಯಿತು. ಡಿಪೋದ ಮುಂದೆ ಸಾಲಾಗಿ ನಿಲ್ಲುವ ಪಾಳಿ ಉಳಿಯಿತು.

ಅಂದು ಅಳೆಯುವವನು ಸೇರನ್ನು ಎತ್ತರದಿಂದ ಅವಳ ಸೆರಗಿಗೆ ಸುರಿದ. ಅರ್ಧ ಮಣ್ಣಿಗೆ ಬಿತ್ತು.

"ಆರಿಸ್ಕೋ," ಎಂದರು ಪ್ರಾಣೇಶರಾಯರು, ಪುಸ್ತಕದಿಂದ ತಲೆಯೆತ್ತದೆ. "ಕೊಟ್ಟಿದ್ದು ಕೊಟ್ಟಾತು."

"ನೆಲದಾಗಿಂದು ಕೋಳಿ ಆರಿಸ್ತಾವ್ರಿ. ನನಗ ಅಳದು ಕೊಡ್ರಿ."

"ಸರಕಾರ ಪುಕ್ಕಟ ಸಾಕಾಕತ್ತದ, ಸೊಕ್ಕು ನೋಡು."

"ಪುಕ್ಕಟ ಅಲ್ರಿ. ರೊಕ್ಕಾ ಎಣಿಸಿ ಕೊಟ್ಟೇನಿ."

ರಾಯರು ಕೆಲಸ ನಿಲ್ಲಿಸಿದರು. ಉಡಚವ್ವ ಕದಲಲಿಲ್ಲ. ಹಿಂದಿನವರು ಮೊದಲು ಗೊಣಗಿದರು, ಆಮೇಲೆ ಬೈದರು. ಕರಬಸಪ್ಪನ ದನಿಯೇ ದೊಡ್ಡದಿತ್ತು. ಒಂದು ತಾಸಿನ ಮೇಲೆ ಶೇಖವ್ವ ಪಾಳಿಯಿಂದ ಮುಂದೆ ಬಂದು, ಕುಕ್ಕರಗಾಲಲ್ಲಿ ಕುಳಿತು, ಜನರ ಕಾಲುಗಳ ನಡುವೆ ಜೋಳವನ್ನು ಮಣ್ಣಿನ ಸಮೇತ ಬಳಿದುಕೊಂಡಳು.

ಆ ಜೋಳದ ರೊಟ್ಟಿಯನ್ನು ಉಡಚವ್ವ ಮುಟ್ಟಲಿಲ್ಲ. ಮುಂದಿನ ಸಲ ಮನೆಯ ಮೊರ ಒಯ್ದು, ಸೇರಿನ ಬಾಯಿಗೇ ಒತ್ತಿ ಹಿಡಿದಳು.

* * *

ಮಧ್ಯಾಹ್ನ ಒಂದಕ್ಕೆ ಹೆಣ ಎದ್ದಿತು. ಹಣೆಗೆ ವಿಭೂತಿ ಬಳಿದುಕೊಂಡು, ಉಟ್ಟ ಹಳೆಯ ಸೀರೆಯಲ್ಲೇ, ಬಿದಿರಿನ ಕಟ್ಟಿನಲ್ಲಿ ಕುಳಿತು ಉಡಚವ್ವ ಹೊರಟಳು. ಡಿಪೋದ ಮುಂದೆ ಬಂದಾಗ ಶೇಖವ್ವ ಅಡ್ಡ ನಿಂತಳು.

"ಇಳಸ್ರಿ."

"ಇಲ್ಲೆ ಇಳಸೂ ಪದ್ಧತಿ ಇಲ್ಲವಾ," ಎಂದ ಕರಬಸಪ್ಪ.

"ಇವತ್ತಿಂದ ಐತಿ."

ಅಂದು ಜೋಳ ಕೊಡುವ ದಿನ. ಪಾಳಿಯಲ್ಲಿ ನಲವತ್ತು ಜನರಿದ್ದರು. ಹೊತ್ತವರು ಕಟ್ಟನ್ನು ಇಳಿಸಿದ್ದೇ ಪ್ರಾಣೇಶರಾಯರು ಹೊರಬಂದರು.

"ಎತ್ರಿ ಇದನ್ನ! ಇದೇನು ಸುಡಗಾಡೇನು?"

"ಎತ್ತತೇವ್ರಿ," ಎಂದು ಶೇಖವ್ವ ಚೀಟಿ ಮುಂದೆ ಹಿಡಿದಳು. "ಕುಂತಿದ್ದಕ್ಕ ಮೂರೂವರಿ ಸಾಕಂದ್ರೆಲ್ಲಾ. ಕುಂತಾಳ. ಅಳೀರಿ."

"ಕಾಯ್ದೆ ಪ್ರಕಾರ ಕೊಟ್ಟೇನಿ."

"ಕುಂತವರಿಗೆ ಅರ್ಧಾ ಅಂತ ಕಾಯ್ದೆದಾಗ ಐತೇನ್ರಿ?"

ಇರಲಿಲ್ಲ. ಆ ತಿಂಗಳು ಬಂದದ್ದು ಎರಡು ಥಾನು ಬಿಳಿ ಬಟ್ಟೆ. ಒಂಬತ್ತು ಹೆಣ ಆಗಲೇ ಆಗಿದ್ದವು. ತಿಂಗಳು ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು. ಅರ್ಧದ ಲೆಕ್ಕ ರಾಯರು ತಾವೇ ಹಾಕಿದ್ದು.

ಪಕ್ಕದ ಬಟ್ಟೆ ಅಂಗಡಿಯ ಫಕ್ರುಸಾಬ ಥಾನು, ಗಜಕೋಲು ಹಿಡಿದು ಬಂದ. ಅವನು ಬಿಚ್ಚುವ ಮೊದಲೇ ರಾಯರು ಥಾನು ಕಸಿದುಕೊಂಡರು. "ನಿನ್ನ ಕೈ ಸಡ್ಲ. ನಾನ ಬಿಚ್ಚತೇನಿ, ನೀ ಗಜಾ ಹಿಡಿ. ಹೆಣಾ ಮಾತ್ರ ಮುಟ್ಟಂಗಿಲ್ಲ ನಾ."

"ಮುಟ್ಟಬ್ಯಾಡ್ರಿ," ಎಂದಳು ಶೇಖವ್ವ. ಬಟ್ಟೆಯ ತುದಿಯನ್ನು ತಾಯಿಯ ಹೆಗಲಿಗೆ ಸಿಕ್ಕಿಸಿದಳು.

ಮೂರೂವರೆ ಗಜದಲ್ಲಿ ನೆತ್ತಿ, ಹೆಗಲು, ಎದೆ ಮುಚ್ಚಿದವು. ಬೆನ್ನ ಮೇಲೆ ಹರಿದ ಕುಪ್ಪಸ, ಅದರ ಮೇಲಿನ ಹಗ್ಗ, ಮಡಚಿದ ಮೊಣಕಾಲುಗಳು ಪಾಳಿಯವರಿಗೆಲ್ಲ ಕಾಣುತ್ತಿದ್ದವು. ಫಕ್ರುಸಾಬ ಕತ್ತರಿ ತೆರೆದು ಕಾದ.

"ಸಾಕೇನ್ರಿ, ರಾಯರ? ನೀವ ನೋಡಿ ಹೇಳ್ರಿ," ಎಂದಳು ಶೇಖವ್ವ.

ರಾಯರು ಹೆಣ ನೋಡಲಿಲ್ಲ, ಪಾಳಿ ನೋಡಿದರು. ಪಾಳಿಯೂ ಅವರನ್ನೇ ನೋಡುತ್ತಿತ್ತು. ಅಜ್ಜಪ್ಪ ಹೊಲದ ಕೆಲಸದ ಕೈಗಳನ್ನು ಮುಷ್ಟಿ ಮಾಡಿ ಒಂದು ಹೆಜ್ಜೆ ಮುಂದೆ ಬಂದ.

"ಕತ್ತರಿ ಅತ್ತಾಗ ತಗಿ," ಎಂದರು ರಾಯರು ಫಕ್ರುಸಾಬನಿಗೆ.

ಥಾನು ಮತ್ತೆ ಉರುಳಿತು.

"ನಾಕು," ಎಂದಿತು ಪಾಳಿಯೊಳಗಿನ ಒಂದು ಹೆಣ್ಣುದನಿ. ರಾಯರು ಬೆನ್ನ ಹಿಂದೆ ಹೋಗಿ ಬಂದರು. "ಐದು," ಎಂದರು ಹತ್ತಾರು ಮಂದಿ.

"ಚಪ್ಲಿ ಬಿಡ್ರಿ, ರಾಯರ," ಎಂದ ಕರಬಸಪ್ಪ.

ರಾಯರು ನಿಂತರು. ಎರಡೂ ಕೈಯಲ್ಲಿ ಥಾನು ಇತ್ತು. ಒಂದು ಕಾಲಿನಿಂದ ಇನ್ನೊಂದರ ಚಪ್ಪಲಿಯನ್ನು ಒತ್ತಿ ಒತ್ತಿ ಕಳಚಿದರು. ಕಾದ ಮಣ್ಣಿಗೆ ಪಾದ ಊರಲಾಗದೆ, ಬೆರಳ ತುದಿಯಲ್ಲಿ, ಬಿಳಿ ಬಟ್ಟೆ ಬಿಚ್ಚುತ್ತ ಉಡಚವ್ವನ ಸುತ್ತ ಮತ್ತೆ ಹೊರಟರು.

"ಆರು," ಎಂದಿತು ಇಡೀ ಪಾಳಿ.